ರೈಸ್‌ವಿಲ್‌ನ ಕಣ್ಣಾಟ

ಅಮೆರಿಕದ ಅಯೋವಾ ರಾಜ್ಯದ ಉತ್ತರಕ್ಕೆ, ಮಿನ್ನೆಸೋಟ ಗಡಿಯ ಹತ್ತಿರ, ರೈಸ್‌ವಿಲ್ ಎಂಬ ಪುಟ್ಟ ಊರಿದೆ. ಸಾವಿರ ಜನವೂ ಇಲ್ಲ. ಹೆಸರು ಕೇಳಿ ಭತ್ತದ ಗದ್ದೆ ಹುಡುಕಬೇಡಿ. ಸುತ್ತಲೂ ಮೆಕ್ಕೆಜೋಳ, ಸೋಯಾ.

1968ರಲ್ಲಿ ಇದು ಬರೀ ಬಿಳಿಯರ ಊರು. ಆ ವರ್ಷದ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದರು. ಕರಿಯರೊಡನೆ ಒಡನಾಡದ ಮಕ್ಕಳಿಗೆ ಇದನ್ನು ತಿಳಿಸುವುದು ಹೇಗೆ? ಮೂರನೇ ತರಗತಿಯ ಶಿಕ್ಷಕಿ ಜೇನ್ ಎಲಿಯಟ್ ಮರುದಿನವೇ ಒಂದು ಆಟ ಹೂಡಿದರು. ಕಣ್ಣಿನ ಬಣ್ಣ ನೋಡಿ ತರಗತಿಯನ್ನು ಎರಡು ಮಾಡಿದರು: ನೀಲಿಯವರು, ಕಂದಿನವರು. ‘ಮೇಲಿನವರಿಗೆ’ ಆಡಲು ಹೆಚ್ಚು ಬಿಡುವು. ‘ಕೀಳಿನವರು’ ಎಲ್ಲರ ನಲ್ಲಿಗೆ ಬಾಯಿಡುವಂತಿಲ್ಲ, ಕಾಗದದ ಲೋಟವೇ ಗತಿ. (ಬೇರೆ ಲೋಟದ ಸಂಗತಿ ನಮಗೇನು ಹೊಸದೇ?) ನೋಡನೋಡುತ್ತಲೇ ಗೆಳೆಯರು ಗೆಳೆಯರನ್ನೇ ಹಂಗಿಸತೊಡಗಿದರು, ಜಾಣ ಮಕ್ಕಳೂ ಪಾಠದಲ್ಲಿ ತಡವರಿಸಿದರು. ಸೋಮವಾರ ಪಾತ್ರಗಳು ಅದಲುಬದಲು.

ಸುದ್ದಿ ಹಬ್ಬಿದಾಗ ಊರು ಹಿಗ್ಗಲಿಲ್ಲ. ಎಲಿಯಟ್ ಒಳಬಂದರೆ ಕೆಲವು ಸಹೋದ್ಯೋಗಿಗಳು ಎದ್ದು ಹೋಗುತ್ತಿದ್ದರು. ಅವರ ಮಕ್ಕಳೂ ಬೈಗುಳ ತಿಂದರು. ಎಂಟು ವರ್ಷದವರನ್ನು ಅಳಿಸಿ ಪಾಠ ಹೇಳುವುದು ಸರಿಯೇ ಎಂಬ ವಾದ ಇನ್ನೂ ಮುಗಿದಿಲ್ಲ. ನನಗೂ ಅನುಮಾನವೇ. ಆದರೆ 1970ರ ತರಗತಿಯ ಮಕ್ಕಳು, ಆಗ ತಮ್ಮ ಮೇಲೆ ತೆಗೆದ ಚಿತ್ರವನ್ನು ನೋಡಲು 1984ರಲ್ಲಿ ಊರಿಗೆ ಮರಳಿದರು. ಕೆಲವರು ಗಂಡ, ಹೆಂಡತಿಯರನ್ನೂ ಕರೆತಂದಿದ್ದರು.