ನನಗೊಂದು ಹಳೇ ಯುದ್ಧವಿಮಾನ ಬೇಕು

ಸೇವೆಯಿಂದ ನಿವೃತ್ತಿಯಾದ ಮಿಲಿಟರಿ ವಿಮಾನಗಳಲ್ಲಿ ಒಂದನ್ನು ನಿಮಗೇ ಅಂತ ಕೊಡ್ತೀವಿ, ಯಾವುದು ಬೇಕು ಹೇಳಿ ಅಂದರೆ ಯಾವುದನ್ನು ಆರಿಸ್ತೀರಿ? ದುಡ್ಡಿನ ಚಿಂತೆ ಬೇಡ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಆಯಿತಲ್ಲ, ಆವತ್ತು ನಮ್ಮ ಶಾಖೆಯಲ್ಲಿ ಊಟದ ಹೊತ್ತಿಗೆ ಹುಟ್ಟಿದ ಪ್ರಶ್ನೆ ಇದು. 62 ವರ್ಷ ದುಡಿದ ವಿಮಾನ. ನಮ್ಮಲ್ಲಿ ಯಾರಿಗೂ ಅಷ್ಟು ಸರ್ವೀಸ್ ಸಿಗುವುದಿಲ್ಲ ಬಿಡಿ. ಎಲ್ಲರೂ ಮಿಗ್ ಮಿಗ್ ಅಂದರು. ನಾನು ಸುಮ್ಮನಿದ್ದೆ, ಯಾಕೆಂದರೆ ನನ್ನ ಉತ್ತರ ಹೇಳಿದರೆ ಅವರಲ್ಲಿ ಅರ್ಧ ಜನಕ್ಕೆ ಆ ಹೆಸರೇ ಗೊತ್ತಿರಲಿಕ್ಕಿಲ್ಲ ಅನ್ನಿಸಿತು.

ಅಂಬಲಮುಗಳ್‌ನಲ್ಲಿ ಇಷ್ಟು ವರ್ಷ ಇದ್ದವನಿಗೆ ವಿಮಾನದ ಸದ್ದು ಹೊಸದಲ್ಲ. ರಿಫೈನರಿಯ ಚಿಮಣಿ, ಎಚ್‌ಒಸಿಯ ವಾಸನೆ, ಪಡುವಣದ ಕಡೆ ವಿಲ್ಲಿಂಗ್ಡನ್ ದ್ವೀಪದಲ್ಲಿ ನೌಕಾಪಡೆಯ ಐಎನ್‌ಎಸ್ ಗರುಡ. 1953ರಲ್ಲಿ ಶುರುವಾದ ವಾಯುನೆಲೆ ಅದು. ನೆಡುಂಬಾಶ್ಶೇರಿ ಏರ್‌ಪೋರ್ಟ್ 1999ರಲ್ಲಿ ಬರುವ ತನಕ ನಮ್ಮಂಥವರ ವಿಮಾನಗಳೂ ಅಲ್ಲೇ ಇಳಿಯುತ್ತಿದ್ದವು. ಡಾರ್ನಿಯರ್ ಹೋದರೆ ಸದ್ದಿನಲ್ಲೇ ಗೊತ್ತಾಗುತ್ತೆ, ಹೆಲಿಕಾಪ್ಟರ್ ಆದರೆ ಕಿಟಕಿ ಗಾಜು ಹೇಳುತ್ತೆ.

ಇದು ಬರೀ ಹಗಲುಗನಸು ಅಂದುಕೊಳ್ಳಬೇಡಿ. ಒಬ್ಬರು ನಿಜವಾಗಿ ಮಾಡಿ ತೋರಿಸಿದ್ದಾರೆ. 2006ರಿಂದ 2024ರವರೆಗೆ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದು, 2024ರಲ್ಲಿ ತಿರುವನಂತಪುರದಿಂದ ಲೋಕಸಭೆಗೆ ನಿಂತ ರಾಜೀವ್ ಚಂದ್ರಶೇಖರ್. ರಾಜಕೀಯ ಪಕ್ಕಕ್ಕಿಡೋಣ. ಅವರ ತಂದೆ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಮಗ ಐರ್ಲೆಂಡಿನಲ್ಲಿ ಗುಜರಿಗೆ ಹೋಗುವುದರಲ್ಲಿದ್ದ ಒಂದು ಡಕೋಟಾವನ್ನು 2011ರಲ್ಲಿ ಕೊಂಡು, ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ರಿಪೇರಿ ಮಾಡಿಸಿದರು. 2018ರ ಏಪ್ರಿಲ್‌ನಲ್ಲಿ ಅದು ಹಾರಿಕೊಂಡೇ ಜಾಮ್‌ನಗರಕ್ಕೆ ಬಂದು ಇಳಿಯಿತು. ಮೇ 4ರಂದು ಹಿಂಡನ್‌ನಲ್ಲಿ ವಾಯುಪಡೆಗೆ ಕೊಟ್ಟುಬಿಟ್ಟರು. ಹೆಸರು ಪರಶುರಾಮ. (ನಮಗೆ ಇಲ್ಲಿ ಪರಶುರಾಮ ಅಂದರೆ ಮಂಗಳೂರಿನ ರೈಲು!) ಬಾಲದ ಮೇಲಿನ ನಂಬರು ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ನಂಬರು ಅದು. ಅಪ್ಪನ ವಿಮಾನವನ್ನು ಮಗ ಕೊಂಡ ಕಥೆ. ಇದನ್ನು ಓದಿದ ಮೇಲೇ ನನ್ನ ತಲೆಗೂ ಹುಳ ಹೊಕ್ಕಿದ್ದು.

ಆದರೆ ಡಕೋಟಾ ನನಗೆ ಬೇಡ. ರೆಕ್ಕೆ 95 ಅಡಿ. ಎಲ್ಲಿಡೋದು?

ಜಾಗದ ಲೆಕ್ಕದಲ್ಲಿ ಟುಪೊಲೆವ್ ಟಿಯು-142 ಕೇಳಲೇಬೇಡಿ. ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ಇದ್ದ ರಷ್ಯದ ದೈತ್ಯ, ರೆಕ್ಕೆ ಅಗಲ 50 ಮೀಟರ್. ಒಂದೊಂದು ಎಂಜಿನ್ನಿಗೂ ಎದುರುಬದುರು ತಿರುಗುವ ಎರಡೆರಡು ಪ್ರೊಪೆಲ್ಲರ್. ಒಂದನ್ನು ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಇನ್ನೊಂದನ್ನು 2023ರಲ್ಲಿ ಅರಕ್ಕೋಣಂನಿಂದ ಬಿಡಿಬಿಡಿ ಮಾಡಿ ಲಾರಿಗಳಲ್ಲಿ ನಮ್ಮ ಕಾರವಾರಕ್ಕೆ ತಂದರು. ಟ್ಯಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆಯಲ್ಲ, ಅದರ ಪಕ್ಕ. ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಆ ಕಡೆ ಹೋಗುವ ಎರ್ನಾಕುಲಂ ಕನ್ನಡಿಗರು ಒಂದು ದಿನ ಇಳಿದು ನೋಡಿ. ಸಮುದ್ರದ ಉಪ್ಪುಗಾಳಿಗೆ ನಿಂತ ಅಲ್ಯೂಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಬಿಳೀ ಪುಡಿಯಾಗಿ ಉದುರುತ್ತದೆ. ಉಕ್ಕಿನ ಬೋಲ್ಟು ಇದ್ದಲ್ಲಿ ಇನ್ನೂ ಬೇಗ. ಬಣ್ಣ ಬಳಿಯುತ್ತಲೇ ಇರಬೇಕು. ಕೊಚ್ಚಿಯ ಮಳೆಗೆ ನನ್ನ ಮನೆ ಗೇಟಿಗೇ ವರ್ಷಕ್ಕೊಮ್ಮೆ ಬಳಿಯುತ್ತೇನೆ, ಇನ್ನು 50 ಮೀಟರ್ ರೆಕ್ಕೆ!

ಹಾಗಾದರೆ ಚಿಕ್ಕದು? ನ್ಯಾಟ್. ಉದ್ದ 9 ಮೀಟರ್, ರೆಕ್ಕೆ 7 ಮೀಟರಿಗೂ ಕಡಿಮೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಲೈಸೆನ್ಸ್ ಮೇಲೆ ತಯಾರಾಗಿದ್ದು. 1965ರಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಕಾಡಿದ್ದು ಇದೇ ಗುಬ್ಬಚ್ಚಿ. ವಾಯುಪಡೆಗೆ ಬಂದಿರುವ ಒಂದೇ ಒಂದು ಪರಮವೀರ ಚಕ್ರ, ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರದು, ಅವರು 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಕಾದಾಡಿ ಮಡಿದದ್ದು ನ್ಯಾಟ್‌ನಲ್ಲೇ. ಬ್ರಿಟನ್ನಿನಲ್ಲಿ ನ್ಯಾಟ್ ತರಬೇತಿ ವಿಮಾನಗಳನ್ನು ಖಾಸಗಿಯವರು ಕೊಂಡು ಹಾರಿಸಿಯೂ ಇದ್ದಾರೆ. ನಮ್ಮಲ್ಲಿ ಹಾಗಿಲ್ಲ. ಹಳೇ ವಿಮಾನ ಸಾಮಾನ್ಯವಾಗಿ ಕಾಲೇಜಿಗೋ ಪಾರ್ಕಿಗೋ ಬರೀ ನೋಡೋದಕ್ಕೆ ಸಿಗುತ್ತದೆ. ಅಲಿಗಢ ವಿಶ್ವವಿದ್ಯಾಲಯಕ್ಕೆ ವಾಯುಪಡೆ ಕೊಟ್ಟಿದ್ದ ಮಿಗ್-23 ಅನ್ನು 2020ರಲ್ಲಿ ಯಾರೋ ಪುಣ್ಯಾತ್ಮರು ಓಎಲ್‌ಎಕ್ಸ್‌ನಲ್ಲಿ 9.99 ಕೋಟಿಗೆ ಮಾರಾಟಕ್ಕಿಟ್ಟಿದ್ದರು. ಆ ಒಂದು ಲಕ್ಷದ ಡಿಸ್ಕೌಂಟ್ ನೋಡಿ! ವಿಶ್ವವಿದ್ಯಾಲಯ ಮಾರಾಟವೂ ಇಲ್ಲ ಏನೂ ಇಲ್ಲ ಅಂತ ಹೇಳಬೇಕಾಯಿತು.

ಬುದ್ಧಿ ಇದ್ದವರು ನ್ಯಾಟ್ ಆರಿಸಬೇಕು. ನನಗೆ ಬೇಕಾಗಿರುವುದು ಮಾತ್ರ ಮಾರುತ್.

ಎಚ್‌ಎಫ್-24 ಮಾರುತ್. ಬೆಂಗಳೂರಿನವರಿಗೆ ಸುರಂಜನ್ ದಾಸ್ ರಸ್ತೆ ಗೊತ್ತಲ್ಲ, ಬಸ್ ಕಂಡಕ್ಟರ್ ಕೂಗುವ ಹೆಸರು. ಆ ಗ್ರೂಪ್ ಕ್ಯಾಪ್ಟನ್ ದಾಸ್ ಅವರೇ 1961ರ ಜೂನ್ 17ರಂದು ಮಾರುತ್ ಅನ್ನು ಮೊದಲ ಸಲ ಹಾರಿಸಿದ್ದು. 1970ರ ಜನವರಿಯಲ್ಲಿ ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡರು. ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ಅವರದು, ಯುದ್ಧಕಾಲದಲ್ಲಿ ಫೋಕ್ ವುಲ್ಫ್ ಮಾಡಿದ ಮನುಷ್ಯ, 1956ರಲ್ಲಿ ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬಂದರು. ಶಬ್ದದ ಎರಡರಷ್ಟು ವೇಗದಲ್ಲಿ ಹೋಗಬೇಕು ಅಂತ ಬರೆದ ವಿಮಾನ. ಆದರೆ ಅದಕ್ಕೆ ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ. ನ್ಯಾಟ್‌ಗೆ ಒಂದು ಹಾಕುತ್ತಿದ್ದ ಆರ್ಫಿಯಸ್ ಜಾತಿಯ ಎಂಜಿನ್ನನ್ನೇ ಇದಕ್ಕೆ ಎರಡು ಹಾಕಿದರು. ಮೈಕಟ್ಟು ಓಟಗಾರನದ್ದು, ಉಸಿರು ಸಾಲದು. ಆದರೂ 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಒಟ್ಟು 147 ಕಟ್ಟಿದರು, 1990ಕ್ಕೆ ಎಲ್ಲ ನಿವೃತ್ತಿ. ಪುಸ್ತಕ ಬರೆಯುವವರು ಅದನ್ನು ವೈಫಲ್ಯ ಅಂತ ಒಂದು ಪ್ಯಾರಾದಲ್ಲಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎಂಜಿನ್ ಕೊಡದವರನ್ನು ಬಿಟ್ಟು ಮೈ ಕಟ್ಟಿದವರನ್ನು ಯಾಕೆ ಅನ್ನಬೇಕು?

ಮೈ ಕಟ್ಟಿದವರಲ್ಲಿ ನಮ್ಮಪ್ಪ ಒಬ್ಬರು. ಎಚ್‌ಎಎಲ್‌ನಲ್ಲಿ ಫಿಟ್ಟರ್, ಮಾರುತ್‌ನ ರೆಕ್ಕೆಗೆ ರಿವೆಟ್ ಹೊಡೆಯುವುದು. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ಮನೆಯಲ್ಲಿ ಕೆಲಸದ ಮಾತು ಆಡುತ್ತಿರಲಿಲ್ಲ, ಅದು ಮಿಲಿಟರಿ ಕೆಲಸ ಅಂತ. ವಿಮಾನ ಕಟ್ಟಿ ಕಟ್ಟಿ ರಿಟೈರ್ ಆದ ಅವರು ಮೊದಲ ಸಲ ವಿಮಾನ ಹತ್ತಿದ್ದು ಅಮ್ಮ ಹೋದ ಮೇಲೆ ನಮ್ಮ ಜೊತೆ ಇರಲು ಕೊಚ್ಚಿಗೆ ಬಂದಾಗ. ಕಿಟಕಿ ಸೀಟು ಕೊಡಿಸಿದ್ದೆ. ಕೆಳಗೆ ಊರು, ಬೆಟ್ಟ, ಹೊಳೆ ಯಾವುದನ್ನೂ ನೋಡಲಿಲ್ಲ. ಪೂರಾ ದಾರಿ ರೆಕ್ಕೆ ನೋಡುತ್ತಾ ಕೂತಿದ್ದರು.

ಕೊನೆಯ ವರ್ಷಗಳಲ್ಲಿ ನೆನಪು ಹೋಗುತ್ತಿತ್ತು. ಮೊಮ್ಮಗಳ ಹೆಸರು ಮರೆತರು, ಮಲಯಾಳದ ನಾಲ್ಕು ಮಾತು ಕಲಿತಿದ್ದು ಮರೆತರು. ಒಮ್ಮೆ ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಮಾರುತ್ ಹತ್ತಿರ ಹೋದವರು ಮೂತಿಯ ಕಡೆ, ಬಣ್ಣದ ಕಡೆ ತಿರುಗಿ ನೋಡಲಿಲ್ಲ. ಬಗ್ಗಿ ರೆಕ್ಕೆಯ ಕೆಳಗೆ ಹೋಗಿ ಹೆಬ್ಬೆರಳಿನಿಂದ ರಿವೆಟ್ಟಿನ ಸಾಲು ಸವರಿಕೊಂಡು ಹೊರಟರು. ನನ್ನ ಹೆಂಡತಿ "ಮಾವ, ಇದು ನೀವೇ ಮಾಡಿದ್ದಾ?" ಅಂದಳು. "ಗೊತ್ತಿಲ್ಲಮ್ಮ. ನಂಬರ್ ನೋಡ್ಬೇಕು" ಅಂದರು. ಆಮೇಲೆ ಇನ್ನೂ ನಾಲ್ಕು ಹೆಜ್ಜೆ ಹೋಗಿ, "ಕೆಲಸ ಚೆನ್ನಾಗಿದೆ" ಅಂದರು. ಎದ್ದು ನಿಂತಾಗ ಹೆಬ್ಬೆರಳು ಧೂಳಾಗಿತ್ತು. ಆ ದಿನ ಪೂರ್ತಿ ನಮ್ಮೆಲ್ಲರ ಹೆಸರು ನೆನಪಿತ್ತು ಅವರಿಗೆ.

ಬ್ಯಾಂಕಿನ ಲೆಕ್ಕದಲ್ಲಿ ಒಂದು ಪದ್ಧತಿ ಇದೆ. ಹಳೇ ಮೇಜು, ಕಬ್ಬಿಣದ ತಿಜೋರಿ ಪೂರ್ತಿ ಸವಕಳಿ ಕಳೆದು ಮುಗಿದರೂ ಸೊನ್ನೆ ಬರೆಯುವುದಿಲ್ಲ, ಒಂದು ರೂಪಾಯಿ ಅಂತ ಇಡುತ್ತೇವೆ. ಸೊನ್ನೆ ಬರೆದರೆ ಪುಸ್ತಕದಿಂದಲೇ ಮಾಯವಾಗಿಬಿಡುತ್ತಲ್ಲ, ಅದಕ್ಕೆ. ಮಾರುತ್ ನನಗೆ ಯಾರಾದರೂ ಕೊಟ್ಟರೆ ಒಂದು ರೂಪಾಯಿಗೆ ಲೆಡ್ಜರಿಗೆ ತಗೊಳ್ತೀನಿ.

ಅಪ್ಪ ಸೊಸೈಟಿಯಲ್ಲಿ ಕೊಂಡ 30-40 ಸೈಟು ಬೆಂಗಳೂರಿನಲ್ಲಿ ಖಾಲಿ ಬಿದ್ದಿದೆ. ಅಪ್ಪ ಹೋಗಿ ಮೂರು ವರ್ಷ. ಮಾರೋಣ, ನೀನಂತೂ ಇನ್ನು ವಾಪಸ್ ಬರೋದಿಲ್ಲ ಅಂತ ಅಕ್ಕ ಕೇಳುತ್ತಲೇ ಇದ್ದಾಳೆ. ನನ್ನ ರಿಟೈರ್‌ಮೆಂಟಿಗೆ ಇನ್ನು ಸ್ವಲ್ಪವೇ ಸಮಯ. ಇಲ್ಲೇ ಇರೋದಾ, ಹೋಗೋದಾ ನಾನಿನ್ನೂ ಹೇಳಿಲ್ಲ. ಮೊನ್ನೆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಮಾರುತ್ ಉದ್ದ 15.87 ಮೀಟರ್, ಅಂದರೆ 52 ಅಡಿ. ರೆಕ್ಕೆ 9 ಮೀಟರ್, ಹೇಗೋ ಹಿಡಿಸುತ್ತೆ. ನೇರ ನಿಲ್ಲಿಸಿದರೆ ಆಗದು. ಮೂಲೆಯಿಂದ ಮೂಲೆಗೆ ಇಟ್ಟರೆ, 30-40 ಸೈಟಿನ ಕರ್ಣ ಸರಿಯಾಗಿ 50 ಅಡಿ. ಎರಡೇ ಅಡಿ ಕಾಂಪೌಂಡಿನಿಂದ ಹೊರಗೆ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಬೈಯ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದಳು, "ಆ ಎರಡಡಿ ಯಾವ ಕಡೆ ಬರುತ್ತೆ, ರಸ್ತೆ ಕಡೆಗೆ ತಾನೆ?"