ಮಾಳಿಗೆ ಮೇಲಿನ ಕಾನೂನು

ನಮ್ಮೂರು ಗಾದಿಗನೂರಿನಲ್ಲಿ ಟಿವಿ ಆಂಟೆನಾ ಏರಿಸಲು ಯಾರಾದರೂ ಕಚೇರಿಗೆ ಅರ್ಜಿ ಹಾಕಿದ್ದನ್ನು ನಾನು ಕಂಡಿಲ್ಲ. ಸರ್ಕಾರಕ್ಕೆ ಬೇಕಿದ್ದದ್ದು ಪೆಟ್ಟಿಗೆಯ ಲೆಕ್ಕ. ರೇಡಿಯೊಗೆ ವರ್ಷಕ್ಕೆ 15 ರೂಪಾಯಿ, ಟಿವಿಗೆ 50. ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಿತ್ತು. ತಪಾಸಣೆಗೆ ಬಂದವರಿಗೆ ಪುಸ್ತಕ ತೋರಿಸದಿದ್ದರೆ ದಂಡ, ಜೋರು ಮಾಡಿದರೆ ಪೆಟ್ಟಿಗೆಯೇ ಜಪ್ತಿ. ಇದಕ್ಕೆಲ್ಲ ಆಧಾರವಾಗಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆ. ನಮ್ಮಪ್ಪ ರೇಡಿಯೊ ಪುಸ್ತಕವನ್ನು ಹೊಲದ ಪಹಣಿಯ ಜೊತೆಗೇ ಟ್ರಂಕಿನಲ್ಲಿ ಇಡುತ್ತಿದ್ದ. ಎಂಬತ್ತರ ದಶಕದ ನಡುವೆ ಈ ಲೈಸೆನ್ಸೇ ರದ್ದಾಯಿತು. ಊರಿಗೆ ಟಿವಿಗಳು ಸಾಲಾಗಿ ಬಂದದ್ದು ಆಮೇಲೆ, ‘ರಾಮಾಯಣ’ ಧಾರಾವಾಹಿಯ ಕಾಲಕ್ಕೆ.

ಆಗ ಆಂಟೆನಾಕ್ಕೆ ಅಡ್ಡ ಬಂದದ್ದು ಕಾನೂನಲ್ಲ, ಮಾಳಿಗೆ. ನಮ್ಮ ಕಡೆಯ ಮನೆಗಳದು ಮಣ್ಣಿನ ಮಾಳಿಗೆ. ತೊಲೆ, ಜಂತೆ, ಅದರ ಮೇಲೆ ಸವುಳು ಮಣ್ಣು. ಅದರಲ್ಲಿ ಕಬ್ಬಿಣದ ಪೈಪು ಹುಗಿದರೆ ಮೊದಲ ಮಳೆಗೇ ಸೋರುತ್ತದೆ. ಹಾಗಾಗಿ ಪೈಪನ್ನು ಗೋಡೆಗೆ ಕೊಂಡಿ ಹೊಡೆದು ಕಟ್ಟಬೇಕು, ಗೋಡೆ ಪಕ್ಕದ ಮನೆಯವರದೂ ಆಗಿರುತ್ತಿತ್ತು. “ಏನಪ್ಪಾ, ಗಾಳಿಗೆ ನಿನ್ನ ಪೈಪು ನಮ್ಮ ಮಾಳಿಗಿ ಮ್ಯಾಲೆ ಬಿದ್ರೆ ಯಾರು ಹೊಣಿ?” ಎಂದು ಪಕ್ಕದ ಮನೆಯ ದೊಡ್ಡಪ್ಪ ಕೇಳಿದರೆ ಅದೇ ನೋಟಿಸು. “ಬಿದ್ರೆ ನಾನೇ ರಿಪೇರಿ ಮಾಡಿಸ್ತೀನಿ ದೊಡ್ಡಪ್ಪ” ಅಂದರೆ ಅದೇ ಪರವಾನಗಿ. ಇನ್ನು ಮಂಗಗಳು ಯಾರ ಪರವಾನಗಿಗೂ ಕಾಯದೆ ಅಡ್ಡಕಡ್ಡಿಗಳಿಗೆ ಜೋತುಬಿದ್ದು ಬಗ್ಗಿಸುತ್ತಿದ್ದವು.

ಡಿಶ್ಶಿನ ಕತೆ ಬೇರೆ, ಅದನ್ನು ಹಳ್ಳಿಗೆ ಮೊದಲು ತಂದದ್ದು ಸರ್ಕಾರವೇ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಟಿವಿ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ತಂತಿಬಲೆಯಲ್ಲಿ ಮಾಡಿದ ಹತ್ತು ಅಡಿ ಅಗಲದ ಡಿಶ್, ಊರಿಗೆಲ್ಲ ಒಂದೇ ಟಿವಿ. ಆಗ ಆನೆಗೊಂದಿ, ಗಂಗಾವತಿಗಳೂ ರಾಯಚೂರು ಜಿಲ್ಲೆಯೇ. ಬಳ್ಳಾರಿ ಜಿಲ್ಲೆಯವರಾಗಿದ್ದ ನಮಗೆ ಅದು ಹೊಳೆಯಾಚೆಯ ಸುದ್ದಿ.

ಸರ್ಕಾರ ತಾನೇ ಏರಿಸಿದ್ದ ಡಿಶ್ಶನ್ನು ಜನ ಏರಿಸಲು ಹೊರಟಾಗ ಅದರ ಧೋರಣೆ ಬದಲಾಯಿತು. 1991ರ ಕೊಲ್ಲಿ ಯುದ್ಧದ ನಂತರ ಕೇಬಲ್‌ನವರು ದೊಡ್ಡ ಡಿಶ್ ನಿಲ್ಲಿಸಿ, ಕೆಇಬಿ ಕಂಬಗಳಿಗೆ ವೈರು ಸುತ್ತಿ ಮನೆಮನೆಗೆ ಎಳೆದರು. ಕಂಬಕ್ಕೆ ಅನುಮತಿ ಇತ್ತೇ ಎಂದು ನಾವು ಕೇಳಲಿಲ್ಲ, ಉದಯ ಟಿವಿ ಬಂದರೆ ಸಾಕಿತ್ತು. 1995ರ ಕೇಬಲ್ ಕಾಯ್ದೆ ಬಂದು ಆಪರೇಟರ್ ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂದಿತು. ಮತ್ತೆ ಅಂಚೆ ಕಚೇರಿಯೇ! ರೂಪರ್ಟ್ ಮರ್ಡಾಕರ ಐಸ್ಕೈಬಿ ಕಂಪನಿ ಮನೆಗೇ ನೇರ ಪ್ರಸಾರ ತರಲು ಸಿದ್ಧವಾದಾಗ, 1997ರ ಜುಲೈನಲ್ಲಿ ಸರ್ಕಾರ 4,800 ಮೆಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳ ಪ್ರಸಾರ ಹಿಡಿಯುವ ಉಪಕರಣವನ್ನೇ ನಿಷೇಧಿಸಿತು. ಆ ತರಂಗ ಹಿಡಿಯುವ ಚಿಕ್ಕ ಡಿಶ್ ಮೂರು ವರ್ಷ ಈ ದೇಶದಲ್ಲಿ ಅಪರಾಧವಾಗಿತ್ತು. 2000ದ ಕೊನೆಗೆ ನಿಷೇಧ ಎತ್ತಿದರು. 2004ರ ಡಿಸೆಂಬರ್‌ನಲ್ಲಿ ದೂರದರ್ಶನವೇ ತಿಂಗಳ ಬಾಡಿಗೆಯಿಲ್ಲದ ಡಿಶ್ ಪ್ರಸಾರ ಕೊಡತೊಡಗಿತು.

ಆ ಹೊತ್ತಿಗೆ ಮಾಳಿಗೆಗಳ ಜಾಗದಲ್ಲಿ ಆರ್‌ಸಿಸಿ ಎದ್ದಿದ್ದರಿಂದ ನಾಲ್ಕು ಬೋಲ್ಟು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಸಂಡೂರಿನ ಅದಿರು ಲಾರಿಗಳು ಹೆದ್ದಾರಿ ತುಂಬಿದ್ದ ದಿನಗಳಲ್ಲಿ ಡಿಶ್‌ಗಳೆಲ್ಲ ಕೆಂಪಾಗಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಧೂಳು ಇಳಿಯಿತು.

ಅದೇ ಜುಲೈನಲ್ಲಿ ಹಂಪಿಯ ರಥಬೀದಿಯ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಿದರು. ಅಲ್ಲಿಯ ಕಾನೂನು ಬೇರೆ ಬಗೆಯದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರು ಅನುಮತಿ ಬೇಕು. ಮೇಲೆ 2002ರ ಕಾಯ್ದೆಯಿಂದ ಹುಟ್ಟಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ಕಮಲಾಪುರದ ನಮ್ಮ ಬೀಗರು ಕಕ್ಕಸು ಕಟ್ಟಿಸಲೂ ಕಡತ ಹಿಡಿದು ಓಡಾಡಿದರು. ಅವರ ಮನೆಯ ಡಿಶ್ ಮಾತ್ರ ಒಂದು ಮಧ್ಯಾಹ್ನದಲ್ಲಿ ಏರಿತು, ಯಾರೂ ಕೇಳಲಿಲ್ಲ. ಸ್ಮಾರಕ ಕಾಯ್ದೆಯ ವ್ಯಾಖ್ಯೆ ಕಟ್ಟಡದ ಮಾತಾಡುತ್ತದೆ, ಅದನ್ನು ಮೇಲಕ್ಕೋ ಅಡ್ಡಕ್ಕೋ ಬೆಳೆಸುವ ಮಾತಾಡುತ್ತದೆ; ಡಿಶ್ಶಿನ ಹೆಸರೆತ್ತುವುದಿಲ್ಲ.

ಇಂಗ್ಲೆಂಡಿನ ಕಾನೂನಿನಲ್ಲಿ ಆಂಟೆನಾದ ಹೆಸರು ಹಿಡಿದೇ ಬರೆದಿದ್ದಾರೆ. ಒಂದು ಮನೆಗೆ ಎರಡು ಡಿಶ್ ಆಂಟೆನಾ ಇದ್ದರೆ ಒಂದು 100 ಸೆಂಟಿಮೀಟರ್ ಮೀರಬಾರದು, ಇನ್ನೊಂದು 60 ಮೀರಬಾರದು. ಪರಂಪರೆಯ ಪ್ರದೇಶವಾದರೆ ರಸ್ತೆಗೆ ಕಾಣುವ ಮುಂಗೋಡೆಗೆ ಹಾಕುವಂತಿಲ್ಲ. ಈ ಮಿತಿಯೊಳಗಿದ್ದರೆ ಅರ್ಜಿಯೇ ಬೇಡ. ಇನ್ನೊಂದು ಷರತ್ತೂ ಇದೆ: ಬಳಕೆ ನಿಂತ ಆಂಟೆನಾವನ್ನು ಆದಷ್ಟು ಬೇಗ ಇಳಿಸಬೇಕು.

ನಮಗೆ ಬೇಕಿರುವುದು ಈ ಕೊನೆಯ ಷರತ್ತು. ದೂರದರ್ಶನ ತನ್ನ ಹಳೆಯ ಟ್ರಾನ್ಸ್‌ಮಿಟರ್‌ಗಳನ್ನು ಬಹುಪಾಲು ಮುಚ್ಚಿದೆ, ಮೀನಿನ ಮುಳ್ಳಿನಂಥ ಆಂಟೆನಾಗಳಿಗೆ ಹಿಡಿಯಲು ಏನೂ ಉಳಿದಿಲ್ಲ. ಹುಡುಗರು ಮೊಬೈಲಿಗೆ ಹೋದರು. ಕಂಪನಿ ಬದಲಿಸಿದಾಗಲೆಲ್ಲ ಹೊಸ ಡಿಶ್ ಬಂತು, ಹಳೆಯದನ್ನು ಒಯ್ಯಲು ಯಾರೂ ಬರಲಿಲ್ಲ. ತುಕ್ಕು ಹಿಡಿದ ಬೋಲ್ಟಿನ ಮೇಲೆ ಅವು ಇನ್ನೂ ನಿಂತಿವೆ, ಕೆಲವು ಜೆಸ್ಕಾಂ ತಂತಿಗೆ ಕೈಯಳತೆಯಲ್ಲಿ.

ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನ ಪ್ರಕಾರ ಮನೆ ಕಟ್ಟಲು, ಹೆಚ್ಚಿಸಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಅದರ ಜೊತೆಗೆ ಡಿಶ್ಶಿಗೂ ಲೈಸೆನ್ಸ್ ಮಾಡಿ ಎಂದು ನಾನು ಹೇಳುತ್ತಿಲ್ಲ, 15 ರೂಪಾಯಿಯ ಆ ಪುಸ್ತಕ ಕಂಡವರು ಯಾರೂ ಹಾಗೆ ಹೇಳಲಾರರು. ಕರೆಂಟಿನ ತಂತಿಯಿಂದ ದೂರ ಹಾಕಿ, ಉಪಯೋಗ ಮುಗಿದದ್ದನ್ನು ಇಳಿಸಿ ಎಂದು ಗ್ರಾಮಸಭೆಯಲ್ಲಿ ಎರಡು ಸಾಲಿನ ಠರಾವು ಮಾಡಿದರೆ ಸಾಕು. ಅದಕ್ಕೂ ಕಾಯಬೇಕಿಲ್ಲ, ಮಳೆಗಾಲಕ್ಕೆ ಮುಂಚೆ ನಿಮ್ಮ ನಿಮ್ಮ ಮಾಳಿಗೆ ಹತ್ತಿ, ಸತ್ತ ಡಿಶ್ಶುಗಳನ್ನು ಗುಜರಿಯವನಿಗೆ ತೂಗಿ ಹಾಕಿ.