ಶಾಸನದ ಉತ್ತರಾರ್ಧ

ಮಂಗಳೂರಿನ ಉರ್ವ ಇಂದು ಮಹಾನಗರಪಾಲಿಕೆಯೊಳಗಿನ ಜನನಿಬಿಡ ಬಡಾವಣೆ. ಮುರಕಲ್ಲಿನ ಗೋಡೆ, ಹಂಚಿನ ಮಾಡುಗಳ ಹಳೆಯ ಮನೆಗಳು ಬಹುಮಹಡಿ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿವೆ. ಆದರೂ 'ಊರು' ಎಂಬ ಭಾವ ಪೂರ್ತಿಯಾಗಿ ಅಳಿದಿಲ್ಲ. ಮಾರಿಗುಡಿಯ ಉತ್ಸವ, ದೈವಸ್ಥಾನದ ನೇಮ, ಭಜನಾಮಂದಿರದ ವಾರ್ಷಿಕೋತ್ಸವ ಮೊದಲಾದವುಗಳ ಆಮಂತ್ರಣ ಪತ್ರಿಕೆಗಳೇ ಕರಾವಳಿಯ ಇಂಥ ಊರುಗಳ ವರ್ತಮಾನ ಪತ್ರಿಕೆಗಳು. ಯಾರು ಏನು ಕೊಟ್ಟರು, ಯಾವ ತಿಥಿಯಲ್ಲಿ ಏನು ನಡೆಯಲಿದೆ, ಸಮಿತಿಯಲ್ಲಿ ಯಾರಿದ್ದಾರೆ ಎಂಬುದೆಲ್ಲ ಅವುಗಳಲ್ಲಿ ದೊರೆಯುತ್ತದೆ. ಶಾಸನಗಳನ್ನು ಓದಿ ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಈ ಪತ್ರಿಕೆಗಳಲ್ಲಿ ಪದೇಪದೇ ಕಣ್ಣಿಗೆ ಬೀಳುವ 'ಜೀರ್ಣೋದ್ಧಾರ' ಎಂಬ ಪದವೂ ಶಾಸನಗಳಿಂದಲೇ ಬಂದುದು.

ದತ್ತಿಶಾಸನಗಳಲ್ಲಿ ಇದರ ಪೂರ್ಣರೂಪ 'ಖಂಡಸ್ಫುಟಿತ ಜೀರ್ಣೋದ್ಧಾರ'. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು, ಜೀರ್ಣವೆಂದರೆ ಸವೆದದ್ದು. ಬಸದಿಗೋ ದೇಗುಲಕ್ಕೋ ಭೂಮಿ ಬಿಡುವಾಗ ಅದರ ಉತ್ಪನ್ನವು ಪೂಜೆಗೆ, ಆಹಾರದಾನಕ್ಕೆ, ಜೊತೆಗೆ ಈ ಒಡಕು ಬಿರುಕುಗಳ ದುರಸ್ತಿಗೆ ಎಂದು ಮೊದಲೇ ಗೊತ್ತುಪಡಿಸಲಾಗುತ್ತಿತ್ತು. ಕಟ್ಟಡ ನಿಂತ ದಿನವೇ ಅದು ಮುಂದೊಂದು ದಿನ ಬಿರಿಯುತ್ತದೆಂದು ಒಪ್ಪಿಕೊಂಡು, ಆ ದಿನದ ಖರ್ಚಿಗೆ ಗದ್ದೆ ತೆಗೆದಿರಿಸುವ ವಿವೇಕ ಇದು.

ಈ ಪದಪುಂಜ ಶಾಸನದಲ್ಲಿ ಸಾಮಾನ್ಯವಾಗಿ ಬರುವುದು ಕೊನೆಯ ಭಾಗದಲ್ಲಿ. ನಮ್ಮ ಪಠ್ಯಕ್ರಮ ಮುಗಿಯುವುದು ಅದಕ್ಕೂ ಮೊದಲೇ. ಪ್ರಶಸ್ತಿಭಾಗದ ಅರಸನ ಬಿರುದುಗಳು, ಯುದ್ಧ, ಒಂದೆರಡು ಚಂಪಕಮಾಲೆ, ಕವಿಯ ಹೆಸರು, ಇಷ್ಟು ಸಿಕ್ಕಿದರೆ ಸಾಹಿತ್ಯದ ವಿದ್ಯಾರ್ಥಿಗೂ ಇತಿಹಾಸದ ವಿದ್ಯಾರ್ಥಿಗೂ ತೃಪ್ತಿ. ಗದ್ದೆಯ ಎಲ್ಲೆ, ಹಣದ ಲೆಕ್ಕ, ಯಾರು ಏನನ್ನು ನೋಡಿಕೊಳ್ಳಬೇಕು ಎಂಬ ಕಟ್ಟಳೆ ಬಂದೊಡನೆ ಪುಟ ಮಗುಚುತ್ತದೆ. ಅರಸನ ಸ್ತುತಿ ಒಂದು ಶಾಸನದಿಂದ ಇನ್ನೊಂದಕ್ಕೆ ಹೆಚ್ಚು ವ್ಯತ್ಯಾಸವಿಲ್ಲದೆ ಸಾಗುವಂಥದು. ಊರಿನ ಮಾತು ಕೇಳಿಸುವುದು ಉತ್ತರಾರ್ಧದಲ್ಲಿಯೇ.

ಲಕ್ಷ್ಮೇಶ್ವರದ ಶಾಸನವನ್ನೇ ನೋಡಬಹುದು. ಎಂಟನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ ಅದು. ಕನ್ನಡ ಗದ್ಯದ ಪ್ರಾಚೀನ ಮಾದರಿಗಳಲ್ಲಿ ಒಂದೆಂದು ಭಾಷಾಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಆ ಗದ್ಯ ಹೇಳುವುದೇನು? ಜನವಾಸವಿರುವ ಪ್ರತಿ ಮನೆಯೂ ವರ್ಷಕ್ಕೆ ತೆರಬೇಕಾದುದು ಉತ್ತಮರಿಗೆ 10, ಮಧ್ಯಮರಿಗೆ 7, ಅವರಿಗಿಂತ ಕೆಳಗಿನವರಿಗೆ 5, ತೀರ ಬಡವರಿಗೆ 3 ಪಣ. ಅದಕ್ಕಿಂತ ಕುತೂಹಲದ ಸಂಗತಿಯೊಂದಿದೆ. ರಾಜಪುರುಷರು ರಕ್ಷಿಸಬೇಕಾದವುಗಳ ಪಟ್ಟಿಯಲ್ಲಿ ರಾಜದತ್ತಿ, ರಾಜಶಾಸನಗಳ ಸಾಲಿನಲ್ಲಿಯೇ ಜನವಾಸವಿಲ್ಲದ ಮನೆಗಳೂ ಸೇರಿವೆ. ಮಕ್ಕಳು ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗಿ ಬೀಗ ಬಿದ್ದ ಮನೆಯ ಮಾಡು ಪ್ರತಿ ಮಳೆಗಾಲವೂ ಒಂದಿಷ್ಟು ಕುಸಿಯುವುದನ್ನು ಕಂಡಿರುವ ಕರಾವಳಿಯ ಓದುಗರಿಗೆ ಈ ಕಟ್ಟಳೆ ಬೇಗನೆ ಅರ್ಥವಾದೀತು. ಖಾಲಿ ಮನೆ ಅದರ ಒಡೆಯನೊಬ್ಬನ ಚಿಂತೆಯಲ್ಲ, ಊರಿನ ಹೊಣೆ ಎಂಬ ಗ್ರಹಿಕೆ ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಲಿಖಿತವಾಗಿತ್ತು.

ಊರ ಸುದ್ದಿಯೂ ಪಾಲನೆಯ ಕಟ್ಟಳೆಯೂ ಒಂದೇ ಕಲ್ಲಿನಲ್ಲಿ ಕೂಡಿಕೊಂಡದ್ದಕ್ಕೆ ಆತಕೂರಿನ ಶಾಸನಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಶಕ 872, ಅಂದರೆ ಕ್ರಿ.ಶ. 949-50ರ ಈ ಶಾಸನವನ್ನು ಎಲ್ಲರೂ ಉದಾಹರಿಸುವುದು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಹತನಾದ ಪ್ರಸಂಗಕ್ಕಾಗಿ. ಆ ಯುದ್ಧದಲ್ಲಿ ಮೆರೆದ ಮಣಲೆರನು ಒಡೆಯನಿಂದ ಮೆಚ್ಚಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದರೊಡನೆ ಸೆಣಸಿತು. ಎರಡೂ ಸತ್ತವು. ಊರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿ ಬಿಟ್ಟರು. ಅದನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆಂಬುದು ಅಲ್ಲಿಯ ಕಟ್ಟಳೆ. ಸಾಮ್ರಾಜ್ಯಗಳ ಹಣೆಬರಹ ಬದಲಿಸಿದ ಯುದ್ಧ ಮತ್ತು ಆತಕೂರಿನ ಹಂದಿಬೇಟೆ ಎರಡಕ್ಕೂ ಅದೇ ಕಲ್ಲು, ಅದೇ ಉಳಿ. ಊರಿನವರಿಗೆ ಇವೆರಡರಲ್ಲಿ ಯಾವುದು ದೊಡ್ಡ ಸುದ್ದಿಯಾಗಿತ್ತೆಂದು ಹೇಳುವುದು ಕಷ್ಟ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಶ್ರವಣಬೆಳಗೊಳದ ಭಂಡಾರಿ ಬಸದಿಯ 1368ರ ಶಾಸನದ ಕಥೆಯೂ ಹೀಗೆಯೇ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿದರು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಅಲ್ಲಿಯ ವಿವಾದ. ರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇರಿಸಿ ಇಬ್ಬರಲ್ಲಿ ಭೇದವಿಲ್ಲವೆಂದು ತೀರ್ಮಾನಿಸಿದನು. ಮತಸಾಮರಸ್ಯದ ಭಾಷಣಗಳಲ್ಲಿ ಈ ಶಾಸನ ಬಾರದಿರುವುದೇ ವಿರಳ. ಭಾಷಣ ಕೈಹಿಡಿಸಿದಲ್ಲಿಗೆ ನಿಲ್ಲುತ್ತದೆ, ಶಾಸನ ನಿಲ್ಲುವುದಿಲ್ಲ.

ಕೈಹಿಡಿಸಿದ ಬಳಿಕ ಶಾಸನ ಲೆಕ್ಕಕ್ಕೆ ಇಳಿಯುತ್ತದೆ. ರಾಜ್ಯದ ಜೈನರು ಬಾಗಿಲು ಕಟ್ಟಳೆಯಾಗಿ, ಮನೆಯೊಂದಕ್ಕೆ ವರ್ಷಕ್ಕೆ 1 ಹಣ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸೊದೆ, ಅಂದರೆ ಸುಣ್ಣ ಬಳಿಯಿಸಬೇಕು. ಪ್ರತಿವರ್ಷವೂ ಇದು ನಡೆಯಬೇಕು. ತಪ್ಪಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೂ ದ್ರೋಹಿ.

ಈ ಶಾಸನದ ಜೀವ ಇರುವುದು ಸುಣ್ಣದ ಈ ಮಾತಿನಲ್ಲಿ. ಕೈಗೆ ಕೈ ಸೇರಿಸುವುದು ಒಂದು ದಿನದ ಸಮಾರಂಭ. ಒಬ್ಬರ ಬಸದಿಯ ಸುಣ್ಣದ ಲೆಕ್ಕವನ್ನು ಇನ್ನೊಬ್ಬರು ವರ್ಷವರ್ಷವೂ ನೋಡಬೇಕಾಗಿ ಬಂದಾಗ ಆ ಸಂಬಂಧಕ್ಕೊಂದು ದಿನಚರಿ ದೊರೆಯುತ್ತದೆ. ಹಣ ತೆತ್ತವರು ಜೈನರೇ ಎಂಬುದನ್ನು ಮರೆಯಬಾರದು. ತಮ್ಮ ರಕ್ಷಣೆಯ ವೆಚ್ಚವನ್ನು ತಾವೇ ಭರಿಸಿದ ಒಪ್ಪಂದ ಇದು, ಪೂರ್ತಿ ಸಮಾನರ ನಡುವಿನದಲ್ಲ. ಆದರೂ ಜಗಳವಾಡಿದ ಎರಡು ಪಂಗಡಗಳನ್ನು ಒಂದೇ ಕಟ್ಟಡದ ದುರಸ್ತಿಗೆ ಕಟ್ಟಿಹಾಕಿದ ಜಾಣ್ಮೆ ಅಲ್ಪವಲ್ಲ. ಶಾಸನದ ಕೊನೆಗೆ ಸೇರಿಸಿದ ಸಾಲುಗಳಲ್ಲಿ ಕಲ್ಲೆಹದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದ ವರ್ತಮಾನವಿದೆ. ಉಭಯ ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. 'ಬಾಗಿಲು ಕಟ್ಟಳೆ' ಎಂಬ ಮಾತಂತೂ ಇಂದಿನ ಅಪಾರ್ಟ್‌ಮೆಂಟುಗಳ ಮೇಂಟೆನೆನ್ಸ್ ಶುಲ್ಕಕ್ಕೆ ಒಪ್ಪುವ ಅಚ್ಚುಕಟ್ಟಾದ ಕನ್ನಡ.

ಕೆರೆಗಳ ವಿಷಯದಲ್ಲಿ ಪಾಲನೆಯ ಪರಿಭಾಷೆ ಇನ್ನೂ ಸಮೃದ್ಧ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಇವೆಲ್ಲ ಕೆರೆ ಕಟ್ಟಿದವರಿಗೆ, ಕಾಯ್ದುಕೊಂಡವರಿಗೆ ಭೂಮಿಯಲ್ಲೋ ಫಲದಲ್ಲೋ ಸಲ್ಲುತ್ತಿದ್ದ ಪಾಲಿನ ಹೆಸರುಗಳು. ಬೆಳಗೊಳದ ಶಾಸನದ ಮರುವರ್ಷ, 1369ರಲ್ಲಿ, ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದ ಸಂಸ್ಕೃತ ಶಾಸನವು ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ 6 ದೋಷಗಳನ್ನೂ ಪಟ್ಟಿಮಾಡುತ್ತದೆ. ಏರಿಯಲ್ಲಿ ನೀರು ಒಸರುವುದು, ನೆಲ ಚೌಳಾಗಿರುವುದು ದೋಷಗಳೆಂಬುದು ಸಹಜ. ಎರಡು ರಾಜ್ಯಗಳ ಗಡಿಯಲ್ಲಿರುವುದೂ ಅಲ್ಲಿ ದೋಷವೇ. ಕಾರಣವನ್ನು ಶಾಸನ ವಿವರಿಸುವುದಿಲ್ಲ. ಏರಿ ಒಡೆದರೆ ಮಣ್ಣು ಹಾಕುವವರು ಯಾರೆಂಬ ಪ್ರಶ್ನೆ ಅದರ ಹಿಂದಿದ್ದಿರಬೇಕು.

ಶಾಸನಗಳ ಅಂತ್ಯದಲ್ಲಿ ಬರುವ ಶ್ಲೋಕವೊಂದರ ತಾತ್ಪರ್ಯ ಹೀಗಿದೆ: ಕೊಡುವುದು ಮತ್ತು ಕೊಟ್ಟದ್ದನ್ನು ಪಾಲಿಸುವುದು ಇವೆರಡರಲ್ಲಿ ಪಾಲನೆಯೇ ಮೇಲು, ಕೊಟ್ಟವನಿಗೆ ಸ್ವರ್ಗ, ಪಾಲಿಸಿದವನಿಗೆ ಅದಕ್ಕೂ ಮಿಗಿಲಾದ ಅಚ್ಯುತಪದ. ಶಿಲ್ಪಿಗಳು ಅಭ್ಯಾಸಬಲದಿಂದ ಕೆತ್ತುತ್ತ ಬಂದ ಈ ಶ್ಲೋಕವನ್ನು ಸಂಪಾದಕರೂ ಅಭ್ಯಾಸಬಲದಿಂದಲೇ 'ಶಾಪಾಶಯ' ಎಂಬ ಶೀರ್ಷಿಕೆಯಡಿ ಸೇರಿಸಿ ಮುಂದೆ ಸಾಗುತ್ತಾರೆ.

ಇತ್ತೀಚೆಗೆ ಜೀರ್ಣೋದ್ಧಾರ ಪದದ ಅರ್ಥವೇ ಪಲ್ಲಟಗೊಂಡಿದೆ. ಬಿರುಕಿಗೆ ಗಾರೆ, ಗೋಡೆಗೆ ಸುಣ್ಣ ಎಂದಿದ್ದದ್ದು ಹಳೆಯದನ್ನು ಪೂರ್ತಿ ಕೆಡವಿ ಹೊಸ ಶಿಲಾಮಯ ಗುಡಿ ಕಟ್ಟುವುದು ಎಂದಾಗಿದೆ. ಇದರಲ್ಲಿ ಭಕ್ತಿಯ ಕೊರತೆಯಿಲ್ಲ. ಹಣದ ಕೊರತೆಯಂತೂ ಇಲ್ಲ. ಆದರೆ ಕೆಡಹುವ ಭರದಲ್ಲಿ ಅಂಗಳದ ಮೂಲೆಯ ಕಲ್ಲೊಂದು ತಳಪಾಯ ಸೇರಿದರೆ, ಆ ಗುಡಿಯ ಪಾಲನೆಗೆ ಹಿಂದಿನವರು ಬಿಟ್ಟ ಗದ್ದೆಯ ಹೆಸರು, ಅದರ ಎಲ್ಲೆ, ಕಾಯಬೇಕಾದ ಮನೆತನದ ಹೆಸರು ಎಲ್ಲವೂ ಅದರೊಂದಿಗೇ ಹೋಗುತ್ತವೆ. ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧನ ವಿದ್ಯಾರ್ಥಿಗಳು ಕರಾವಳಿಯಲ್ಲಿ ಮಳೆಗಾಲ ಕಳೆಯಲೆಂದು ಕಾಯುವುದು ರೂಢಿ. ಕಟ್ಟಡದ ಕೆಲಸಗಳು ಬಿರುಸಿನಿಂದ ಆರಂಭವಾಗುವುದೂ ಆಗಲೇ. ಆಮಂತ್ರಣ ಪತ್ರಿಕೆ ಕೈಸೇರುವುದಕ್ಕಿಂತ ಮುಂಚೆ ಅಲ್ಲಿಗೆ ಹೋಗಿ, ಅಂಗಳದ ಕಲ್ಲಿನ ಪಡಿಯಚ್ಚನ್ನು ಅದರ ಕಟ್ಟಕಡೆಯ ಸಾಲಿನವರೆಗೂ ತೆಗೆದಿಟ್ಟುಕೊಳ್ಳಬೇಕು.